ನಾಯಿಯನ್ನು ಕರೆಯುವ ದನಿ

ನಾಯಿಗಳ ಜೊತೆ ಮಾತಾಡುವಾಗ ಸಣ್ಣಬೀರಯ್ಯನ ಗಂಟಲೇ ಬೇರೆ. ಮಲ್ಲಾಜಮ್ಮ ಆ ಮನೆಗೆ ಹೆಂಡತಿಯಾಗಿ ಬಂದ ಹೊಸದರಲ್ಲಿ ಒಂದು ಬೆಳಗ್ಗೆ ಒಲೆಯ ಮುಂದೆ ಕೂತಿದ್ದಾಗ ಹಿತ್ತಲಿನಿಂದ ಆ ದನಿ ಕೇಳಿಸಿತ್ತು.

“ಬಾ ಕೂಸೆ, ಬಾ. ಯಾರೂ ಏನೂ ಮಾಡಕಿಲ್ಲ, ಬಾ.”

ಯಾರೋ ನೆಂಟರು ಎಳೆಗೂಸು ಎತ್ತಿಕೊಂಡು ಬಂದಿರಬೇಕು ಎಂದುಕೊಂಡು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹಿತ್ತಲ ಬಾಗಿಲಿಗೆ ಹೋದಳು. ಹುಲ್ಲಿನ ಮೆದೆಯ ಸಂದಿಯಲ್ಲಿ ಒಂದು ನಾಯಿಮರಿ ನಡುಗುತ್ತ ಕೂತಿತ್ತು. ಅಷ್ಟು ದೂರದಲ್ಲಿ ಅವಳ ಗಂಡ, ಮರಿಯ ಕಡೆ ನೋಡದೆ, ಅರೆಬೆನ್ನು ತಿರುಗಿಸಿಕೊಂಡು ನೆಲದ ಮೇಲೆ ಕೂತಿದ್ದ. ಅಂಗೈ ಮೇಲೆ ಒಂದು ತುಣುಕು ಮುದ್ದೆ. ಆ ಮುಖದಲ್ಲಿದ್ದ ಮೆದುತನವನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಅವಳ ನೆರಳು ಬಿದ್ದದ್ದೇ ತಡ, ಆ ಮುಖ ಬಾಗಿಲು ಹಾಕಿಕೊಂಡಂತಾಯಿತು.

“ಏಯ್, ಮರಿ ಎದರ್ತದೆ. ಅತ್ಲಾಗೋಗು,” ಅಂದ.

ಅದು ಅವಳಿಗೆ ಗೊತ್ತಿದ್ದ ದನಿ.

ಹಾಗೆಂದು ಸಣ್ಣಬೀರಯ್ಯ ಕೆಟ್ಟ ಗಂಡನಲ್ಲ. ಕುಡಿಯುತ್ತಿರಲಿಲ್ಲ, ಕೈ ಎತ್ತಿದವನಲ್ಲ. ಮೊದಲ ಸಲ ತವರಿಗೆ ಹೋದಾಗ ಅವಳ ಅವ್ವ “ಒಡೀತಾನೇನಮ್ಮಿ?” ಎಂದು ಕೇಳಿದ್ದಳು. ಇಲ್ಲ ಅಂದಳು. “ಮತ್ತಿನ್ನೇನು?” ಅಂದಳು ಅವ್ವ. ಅವನು ಮನೆಯೊಳಗೆ ಮಾತಾಡುತ್ತಿರಲಿಲ್ಲ, ಅಷ್ಟೆ. ಉಪ್ಪು ಬೇಕಾದರೆ ಉಪ್ಪಿನ ಮಡಕೆಯ ಕಡೆ ನೋಡುತ್ತಿದ್ದ. ಅವಳು ತೆಗೆದು ಹಾಕುತ್ತಿದ್ದಳು. ವರ್ಷಗಳು ಹಾಗೆಯೇ ಕಳೆದವು.

ಅವರದು ಕುರಿ ಸಾಕಿ ಬಾಳಿದ ಮನೆತನ. ಸಣ್ಣಬೀರಯ್ಯನ ಅಪ್ಪನ ಕಾಲದಲ್ಲಿ ವೀರನಹೊಸಹಳ್ಳಿಯಿಂದಾಚೆ ಕಾಡಿನೊಳಕ್ಕೇ ಮಂದೆ ಬಿಡುತ್ತಿದ್ದರು. ಚಿರತೆ ತೋಳಗಳ ಕಾಟಕ್ಕೆ ನಾಯಿ ಬೇಕಿತ್ತು. ಇನ್ನೂ ಕಣ್ಣು ಬಿಡದ ಮರಿಯನ್ನು ತಂದು, ಹಾಲೂಡುವ ಕುರಿಯ ಕೆಚ್ಚಲಿಗೆ ಹಿಡಿದು, ಕುರಿಮರಿಗಳ ನಡುವೆಯೇ ಮಲಗಿಸುತ್ತಿದ್ದರು. ಹಾಗೆ ಬೆಳೆದ ನಾಯಿ ಕುರಿಗಳನ್ನೇ ತನ್ನ ಬಳಗ ಎಂದುಕೊಳ್ಳುತ್ತಿತ್ತು. ಆಮೇಲೆ ಫಾರೆಸ್ಟಿನವರು ಕಾಡಿಗೆ ಕುರಿ ಬಿಡಬಾರದು ಎಂದರು. ಮಂದೆ ಕರಗಿತು. ಸುತ್ತಮುತ್ತ ಹೊಗೆಸೊಪ್ಪು ಹದಮಾಡುವ ಬ್ಯಾರನ್ನುಗಳು ಎದ್ದವು. ಅಣ್ಣ ದೊಡ್ಡಬೀರಯ್ಯ ಹೊಲಕ್ಕೆಲ್ಲ ಹೊಗೆಸೊಪ್ಪು ಹಾಕಿದ, ಬ್ಯಾರನ್ ಕಟ್ಟಿಸಿದ, ಊರಿನ ಯಜಮಾನರ ಸಾಲಿನಲ್ಲಿ ಕೂರತೊಡಗಿದ. ಸಣ್ಣಬೀರಯ್ಯ ರಾಗಿ ಬೆಳೆದುಕೊಂಡು, ನಾಲ್ಕಾರು ಕುರಿ ಇಟ್ಟುಕೊಂಡು, ನಾಯಿಯ ವಿದ್ಯೆಯೊಂದನ್ನು ಉಳಿಸಿಕೊಂಡ.

ಆ ವಿದ್ಯೆಗೆ ಹೆಸರಿತ್ತು. ಹೊಲಕ್ಕೆ ನುಗ್ಗುವ ಹಂದಿ ಕಾಯಲು, ಬ್ಯಾರನ್ ಕಾಯಲು ನಾಯಿ ಬೇಕಾದವರು ಪಿರಿಯಾಪಟ್ಟಣದ ಕಡೆಯಿಂದಲೂ ಬರುತ್ತಿದ್ದರು. ಅವನು ಕೋಲು ಮುಟ್ಟುತ್ತಿರಲಿಲ್ಲ. ಮುದ್ದೆಯ ಒಂದು ತುಣುಕನ್ನು ತನ್ನ ಕಂಕುಳಿನ ಬೆವರಿಗೆ ಒರೆಸಿ ಹೊಸ ನಾಯಿಯ ಮುಂದೆ ಎಸೆಯುತ್ತಿದ್ದ. ಅದನ್ನು ತಿಂದ ನಾಯಿ ಅವನ ವಾಸನೆಯನ್ನು ಹೊಟ್ಟೆಗೆ ಇಳಿಸಿಕೊಂಡಿತು ಎಂದು ಅರ್ಥ. ಆಮೇಲಿನ ಕೆಲಸವೆಲ್ಲ ಕಾಯುವುದೇ. ಮರಿಗಳಾದರೆ ಮಂಕರಿಯಲ್ಲಿ ಕೂರಿಸಿಕೊಂಡು ಪಿರಿಯಾಪಟ್ಟಣದಾಚೆಯ ಕೊಪ್ಪದ ಸಂತೆಗೆ ಹೋಗಿ ರಸ್ತೆ ಬದಿಯ ಮರದಡಿ ಕೂರುತ್ತಿದ್ದ. ಮಡಿಕೇರಿಗೆ ಹೋಗುವ ಲಾರಿಯ ಹಾರನ್, ಕೆಂಪು ಬಟ್ಟೆ ಉಟ್ಟ ಟಿಬೆಟ್ಟಿನ ಸನ್ಯಾಸಿಗಳು, ಕೋಳಿ ಮಾರುವವರ ಕೂಗು, ಕೊಡೆ ಬಿಚ್ಚುವ ಶಬ್ದ. ಹೆದರಿಸುವಂಥದ್ದು ಎದುರಿಗೆ ಹಾದಾಗಲೆಲ್ಲ ಮರಿಯ ಬಾಯಿಗೆ ಒಂದು ಚೂರು. ಸಂಜೆಯ ಹೊತ್ತಿಗೆ ಲಾರಿ ಬಂದರೆ ಮರಿ ಲಾರಿಯನ್ನು ನೋಡುತ್ತಿರಲಿಲ್ಲ, ಅವನ ಕೈಯನ್ನು ನೋಡುತ್ತಿತ್ತು.

ನಾಯಿ ಕರೆದೊಯ್ಯಲು ಬಂದವರನ್ನು ಜಗಲಿಯ ಮೇಲೆ ಕೂರಿಸಿ ಅವನು ಒಂದೇ ಮಾತು ಹೇಳುತ್ತಿದ್ದ.

“ನೋಡಿ, ಕರೆದು ಒಡೀಬಾರ್ದು. ಕರೆದು ಕಟ್ಟಲೂಬಾರ್ದು. ಕಟ್ಬೇಕು ಅಂದ್ರೆ ನೀವೇ ಎದ್ದೋಗಿ ಕಟ್ಟಿ, ಕರೀಬೇಡಿ. ಕರೆದಾಗ ಬಂದ ನಾಯಿಗೆ ಯಾವತ್ತೂ ಒಳ್ಳೇದೇ ಆಗ್ಬೇಕು. ಒಂದ್ ಸಲ ಮೋಸ ಆಯ್ತು ಅಂದ್ರೆ ಆ ಕರೆ ಸತ್ತೋಯ್ತು. ಆಮೇಲೆ ಬಾಡು ಇಟ್ಕಂಡ್ ಕರೆದ್ರೂ ಬರಾಕಿಲ್ಲ.”

ಮಲ್ಲಾಜಮ್ಮ ಗೋಡೆಯ ಈಚೆ ಕೂತು ಸೊಪ್ಪು ಬಿಡಿಸುತ್ತ ಕೇಳಿಸಿಕೊಳ್ಳುತ್ತಿದ್ದಳು. ಅಷ್ಟು ಉದ್ದದ ಮಾತು ಅವನ ಬಾಯಿಂದ ಮನೆಯೊಳಗೆ ಯಾವತ್ತೂ ಬಂದಿರಲಿಲ್ಲ.

ಪಕ್ಕದ ಮನೆಯ ದೊಡ್ಡತಾಯಮ್ಮ, ದೊಡ್ಡಬೀರಯ್ಯನ ಹೆಂಡತಿ, ಬೇಲಿಯ ಮೇಲಿಂದ ಇಣುಕುತ್ತಿದ್ದಳು. “ಮುಂದ್ಲ ಜನ್ಮ ಅಂತಿದ್ರೆ ನನ್ ಮೈದನ ಮನೆ ನಾಯಾಗಿ ಉಟ್ಬೇಕು ಕಣಮ್ಮಿ. ಇಷ್ಟೊಂದು ಮರ್ವಾದೆ ಯಾವ ಎಂಗಸ್ಗೆ ಸಿಕ್ತದೆ ಏಳು?”

“ಕಂಕುಳ ಮುದ್ದೆ ತಿನ್ಬೇಕಾಯ್ತದೆ ಕಣಕ್ಕ.”

“ತಿಂದ್ರಾಯ್ತು ಬುಡು. ನಾವು ತಿಂದಿರೋದ್ಕಿಂತ ಕೆಟ್ಟದ್ದಾ ಅದು?”

ಇಬ್ಬರೂ ನಗುತ್ತಿದ್ದರು. ಮಲ್ಲಾಜಮ್ಮನ ನಗು ಬೇಗ ನಿಲ್ಲುತ್ತಿತ್ತು.

ಒಬ್ಬಳೇ ಮಗಳು ಭದ್ರಮ್ಮ ಚಿಕ್ಕವಳಿದ್ದಾಗ ನಡೆದದ್ದು ಮಲ್ಲಾಜಮ್ಮನಿಗೆ ಮರೆತಿರಲಿಲ್ಲ. ಹಿತ್ತಲಿನಲ್ಲಿ ಸಾಲಾಗಿ ಕೂತ ಮರಿಗಳ ನಡುವೆ ಭದ್ರಿಯೂ ಕುಕ್ಕರುಗಾಲಿನಲ್ಲಿ ಕೂತು, ಎರಡೂ ಕೈ ಮುಂದೆ ನೆಲಕ್ಕೂರಿ, ಬಾಯಿ ತೆರೆದುಕೊಂಡು ಕಾಯುತ್ತಿದ್ದಳು. ಸಣ್ಣಬೀರಯ್ಯ “ಜಾಣ, ನನ್ ಕೂಸು” ಎನ್ನುತ್ತ ಒಂದೊಂದೇ ಮರಿಗೆ ಚೂರು ಕೊಡುತ್ತ ಬಂದ. ಮಗಳ ಮುಂದೆ ಅವನ ಕೈ ನಿಂತಿತು. “ಏಯ್, ಏಳು. ಮರಿಗಳ ಗ್ಯಾನ ಕೆಡ್ತದೆ,” ಎಂದು ಅವಳನ್ನು ದಾಟಿ ಮುಂದಿನ ಮರಿಗೆ ಕೊಟ್ಟ. ಹುಡುಗಿ ಬಾಯಿ ಮುಚ್ಚಲು ಸ್ವಲ್ಪ ಹೊತ್ತು ಹಿಡಿಯಿತು. ಮಲ್ಲಾಜಮ್ಮ ಒಳಕ್ಕೆ ಕರೆದು ಒಂದು ಅಚ್ಚು ಬೆಲ್ಲ ಕೊಟ್ಟಳು. ಅವಳು ಅದನ್ನು ತಿನ್ನಲಿಲ್ಲ. ಮುಷ್ಟಿಯೊಳಗೆ ಹಿಡಿದುಕೊಂಡು ಕರಗಿಸಿಬಿಟ್ಟಳು.

ಬೆಳೆದ ಭದ್ರಿಯನ್ನು ಹ್ಯಾಂಡ್‌ಪೋಸ್ಟಿನ ಕೂಡುರಸ್ತೆಯ ಆಚೆಯ ಒಂದು ಹಳ್ಳಿಗೆ ಕೊಟ್ಟರು. ದೊಡ್ಡಬೀರಯ್ಯನೇ ಮುಂದೆ ನಿಂತು ಕುದುರಿಸಿದ ಸಂಬಂಧ. ಹೆಣ್ಣು ಕೊಟ್ಟು ಹೆಣ್ಣು ತರುವುದು ಅವರಲ್ಲಿ ಹಳೆಯ ರೂಢಿ. ಭದ್ರಿ ಆ ಮನೆಯ ಮಾದೇವನಿಗೆ. ಮಾದೇವನ ತಂಗಿ ತಿಮ್ಮಮ್ಮ ದೊಡ್ಡಬೀರಯ್ಯನ ಮಗನಿಗೆ. ಒಂದೇ ಚಪ್ಪರ, ಒಂದೇ ಊಟ.

“ಅವ್ರ ಎಣ್ಣು ನಮ್ಮಲ್ಲಿ, ನಮ್ಮ ಎಣ್ಣು ಅವ್ರಲ್ಲಿ,” ಅಂದಿದ್ದ ದೊಡ್ಡಬೀರಯ್ಯ. “ಯಾರೂ ಯಾರ್ನೂ ನೋಯ್ಸಂಗಿಲ್ಲ. ಇದ್ಕಿಂತ ಗಟ್ಟಿ ಇನ್ನೇನ್ ಬೇಕು?”

ಎಲ್ಲರೂ ಅದನ್ನು ನಂಬಿದರು. ಮಲ್ಲಾಜಮ್ಮನೂ ನಂಬಿದಳು.

ಅದರ ಮರುವರ್ಷದ ಮಳೆಗಾಲದಲ್ಲಿ ತಿತಿಮತಿ ಕಡೆಯ ಒಂದು ಕಾಫಿ ತೋಟದ ಜೀಪು ಬಂದು ಕೆಂಚು ಬಣ್ಣದ ದೊಡ್ಡ ನಾಯಿಯೊಂದನ್ನು ಇಳಿಸಿ ಹೋಯಿತು. ಹೆಸರು ಟೈಗರ್. ಸಾವ್ಕಾರರು ಬೆಲ್ಟಿನಲ್ಲಿ ಹೊಡೆದು ಕಲಿಸಲು ಹೋದರಂತೆ. ಈಗ ಅದು ಕಂಡವರ ಮೇಲೆಲ್ಲ ಬೀಳುತ್ತದೆ, ಇಲ್ಲವೇ ನಿಂತಲ್ಲೇ ಉಚ್ಚೆ ಹುಯ್ದುಕೊಳ್ಳುತ್ತದೆ ಎಂದು ತೋಟದ ಲೆಕ್ಕ ಬರೆಯುವ ರೈಟರು ಹೇಳಿದ. ಸಣ್ಣಬೀರಯ್ಯ “ಟೈಗರ್” ಎಂದು ಒಮ್ಮೆ ಕರೆದ. ನಾಯಿ ಎತ್ತಿನ ಗಾಡಿಯ ಅಡಿಗೆ ನುಗ್ಗಿ ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡಿತು. ಅವನು ಆ ಹೆಸರನ್ನು ಮತ್ತೆ ಬಾಯಲ್ಲಿ ಎತ್ತಲಿಲ್ಲ.

“ಈ ಎಸ್ರು ಕೆಟ್ಟೋಗ್ಯದೆ. ಬ್ಯಾರೆ ಇಡ್ಬೇಕು,” ಅಂದ, ಯಾರಿಗೂ ಅಲ್ಲದ ಹಾಗೆ. ಕೆಂದ ಎಂದು ಹೊಸ ಹೆಸರಾಯಿತು.

ಆ ಮಳೆಗಾಲ ಪೂರ್ತಿ ಅವನು ಗಾಡಿಯ ಪಕ್ಕ ಗೋಣಿಚೀಲ ಹೊದ್ದು ಕೂತ. ಮೊದಮೊದಲು ಎಸೆದ ಮುದ್ದೆ ಇರುವೆಗಳ ಪಾಲಾಯಿತು. ಆಮೇಲೆ ಅವನು ಎದ್ದುಹೋದ ಮೇಲೆ ನಾಯಿ ಬಂದು ತಿಂದಿತು. ಆಮೇಲೆ ಅವನು ಕೂತಿರುವಾಗಲೇ, ಕತ್ತು ಚಾಚಿ, ಹಿಂಗಾಲನ್ನು ಓಡಲು ಸಿದ್ಧವಾಗಿಟ್ಟುಕೊಂಡು. ಅವನು ತಿರುಗಿ ನೋಡಲಿಲ್ಲ, ಅವಸರ ಮಾಡಲಿಲ್ಲ. ಕೊನೆಗೊಂದು ಮಧ್ಯಾಹ್ನ ಕೆಂದ ತಾನಾಗಿ ಬಂದು ಅವನ ಮಂಡಿಯ ಮೇಲೆ ಗದ್ದ ಇಟ್ಟಿತು. ಸಣ್ಣಬೀರಯ್ಯನ ಕಣ್ಣಲ್ಲಿ ನೀರು ತುಂಬಿದ್ದನ್ನು ಮಲ್ಲಾಜಮ್ಮ ಬಾಗಿಲ ಸಂದಿಯಿಂದ ಕಂಡಳು. ಮಗಳನ್ನು ಗಂಡನ ಮನೆಗೆ ಬಸ್ಸು ಹತ್ತಿಸಿದ ದಿನ ಆ ಕಣ್ಣು ಒಣಗಿತ್ತು.

ಮಳೆ ನಿಂತ ಮೇಲೆ ರೈಟರು ನಾಯಿಯನ್ನು ಕರೆದೊಯ್ಯಲು ಬಂದ. ಸಣ್ಣಬೀರಯ್ಯ ಜಗಲಿಯಿಂದ ಏಳಲಿಲ್ಲ.

“ಕೊಡಾಕಾಗಕಿಲ್ಲ ಸ್ವಾಮಿ.”

“ಏನಯ್ಯ ಇದು, ಸಾವ್ಕಾರ್ರ ನಾಯಿ ಅದು.”

“ಸಾವ್ಕಾರ್ರಿಗೆ ಬ್ಯಾರೆ ಮರಿ ತಯಾರ್ ಮಾಡ್ಕೊಡ್ತೀನಿ. ಒಡೆದ ಕೈಗೆ ತಿರ್ಗ ಕೊಟ್ರೆ ಇದು ಬದುಕಾಕಿಲ್ಲ. ಬದುಕಿದ್ರೂ ನಾಯಾಗಿ ಇರಾಕಿಲ್ಲ.”

“ಈಗ ಸಾವ್ಕಾರ್ರು ಹೊಡಿಯಲ್ಲ ಅಂದಿದ್ದಾರೆ.”

“ಅವ್ರು ಅಂದಿರ್ಬೋದು. ಅವ್ರ ಕೈ ಅಂದದಾ?”

ರೈಟರು ಗೊಣಗಿಕೊಂಡು ಹೋದ. ಒಳಗೆ ನಿಂತಿದ್ದ ಮಲ್ಲಾಜಮ್ಮನಿಗೆ ಗಂಡನ ಮೇಲೆ ಅಪರೂಪಕ್ಕೆ ಒಂದು ಹೆಮ್ಮೆ ಬಂತು. ರಾತ್ರಿ ಅವನ ಮುದ್ದೆಗೆ ಒಂದು ಮಿಳ್ಳೆ ತುಪ್ಪ ಹೆಚ್ಚಾಗಿ ಬಿಟ್ಟಳು. ಅವನು ಗಮನಿಸಲಿಲ್ಲ.

ರಾಗಿ ಕೊಯ್ಲಿನ ಹೊತ್ತಿಗೆ, ಒಂದು ಮಧ್ಯಾಹ್ನ, ಭದ್ರಿ ಒಬ್ಬಳೇ ನಡೆದು ಬಂದಳು. ಕೈಯಲ್ಲಿ ಗಂಟಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ. ಬಲಗೈ ಮೊಣಕೈಯಿಂದ ಕೆಳಗೆ ಊದಿಕೊಂಡಿತ್ತು. ಕಿವಿಯ ಮೇಲುಗಡೆ ಅಂಗೈಯಷ್ಟು ಜಾಗದಲ್ಲಿ ಕೂದಲಿರಲಿಲ್ಲ. ಮಲ್ಲಾಜಮ್ಮ ನೀರು ಕೊಟ್ಟಳು. ಏನಾಯಿತು ಎಂದು ಕೇಳಿದಳು. ಮಗಳು ನೀರು ಕುಡಿದು ಚೊಂಬನ್ನು ಕೆಳಗಿಟ್ಟಳು.

“ಏನಿಲ್ಲ ಕಣವ್ವ. ನಾನಿನ್ ಓಗಕಿಲ್ಲ, ಅಷ್ಟೆ.”

ಹೊಸಲ ಹತ್ತಿರ ಯಾರಾದರೂ ಕೆಮ್ಮಿದರೂ ಬೆಚ್ಚುತ್ತಿದ್ದಳು. ಮನೆಯೊಳಗೆ ಕೂರಲಾರದೆ ಹಿತ್ತಲಿನ ಕುರಿದೊಡ್ಡಿಗೆ ಹೋಗಿ ಮೂಲೆಯಲ್ಲಿ ಕೂತಳು. ಅಲ್ಲಿ ಮಲಗಿದ್ದ ಕೆಂದ ತಲೆ ಎತ್ತಿ ನೋಡಿತು. ಹೊಸಬರನ್ನು ಹತ್ತಿರ ಸೇರಿಸದ ನಾಯಿ ಎದ್ದುಬಂದು ಅವಳ ಪಕ್ಕ, ಮೈ ತಾಗುವಂತೆ, ಮಲಗಿತು. ಮುಂದಿನ ದಿನಗಳಲ್ಲಿ ಭದ್ರಿ ಹಗಲೆಲ್ಲ ಅಲ್ಲೇ ಇರುತ್ತಿದ್ದಳು. ಸಣ್ಣಬೀರಯ್ಯ ದೊಡ್ಡಿಗೆ ಮುದ್ದೆ ತಂದಾಗ ಮಗಳ ಊದಿದ ಕೈ ನೋಡುತ್ತಿದ್ದ, ನಾಯಿಗೆ ಕೊಡುತ್ತಿದ್ದ, ಹೋಗುತ್ತಿದ್ದ.

ಮಲ್ಲಾಜಮ್ಮ ಒಂದು ಬೆಳಗ್ಗೆ ಧೈರ್ಯ ಮಾಡಿದಳು. “ನಾಯಿನೇ ಕಳಿಸ್ಲಿಲ್ಲ ನೀವು, ಒಡೆದ ಕೈಗೆ ಕೊಡಾಕಿಲ್ಲ ಅಂತ. ಭದ್ರಿನೂ ಕಳಿಸ್ಬ್ಯಾಡಿ.”

ಅವನು ಹಗ್ಗ ಹೊಸೆಯುತ್ತಿದ್ದ. ಕೈ ಒಂದು ಕ್ಷಣ ನಿಂತಿತು. ಮತ್ತೆ ಹೊಸೆಯತೊಡಗಿತು. ಆ ನಿಂತ ಕ್ಷಣವನ್ನೇ ಅವಳು ಒಪ್ಪಿಗೆ ಎಂದುಕೊಂಡಳು. ಅಷ್ಟು ವರ್ಷ ಅವನ ಮೌನವನ್ನು ಓದಿ ರೂಢಿಯಾಗಿತ್ತು. ಅದನ್ನೂ ಸರಿಯಾಗಿ ಓದಿದೆ ಎಂದುಕೊಂಡಳು.

ದೊಡ್ಡಬೀರಯ್ಯ ಅಳಿಯನನ್ನು ಕರೆದುಕೊಂಡು ಬಂದದ್ದು ಹಟ್ಟಿಯಲ್ಲಿ ಬಿಸಿಲು ಚೆನ್ನಾಗಿ ಏರಿದ ಮೇಲೆ. ಮಾದೇವ ಬಿಳಿ ಅಂಗಿ ತೊಟ್ಟಿದ್ದ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಮಲ್ಲಾಜಮ್ಮನ ಕಾಲಿಗೆ ಬಿದ್ದ.

“ಸಣ್ಣ ಮಾತು ದೊಡ್ಡದಾಯ್ತು ಕಣತ್ತೆ. ನಂದೂ ತಪ್ಪು ಅದೆ. ಕರ್ಕೊಂಡೋಗ್ತೀನಿ.”

ಮಾತು ಮೆತ್ತಗಿತ್ತು. ಮಲ್ಲಾಜಮ್ಮ ಅವನ ಕೈ ನೋಡಿದಳು. ದಪ್ಪ ಬೆರಳುಗಳು, ಹೊಗೆಸೊಪ್ಪಿನ ಅಂಟು ಹಿಡಿದು ಕಪ್ಪಾದ ಉಗುರು.

“ನೋಡಪ್ಪ ಸಣ್ಣ,” ಅಂದ ದೊಡ್ಡಬೀರಯ್ಯ ತಮ್ಮನಿಗೆ. “ನಿನ್ ಮಗಳನ್ನ ನೀನು ಇಟ್ಕಂಡ್ರೆ ಅವ್ರ ಮಗಳನ್ನ ಅವ್ರು ಇಟ್ಕತ್ತಾರೆ. ತಿಮ್ಮಿ ತುಂಬಿದ ಬಸುರಿ. ಗಾಡಿ ಅತ್ಸಿ ಕಳ್ಸು ಅಂತೀಯಾ? ಒಂದು ಮನೆ ಮುರಿಯಾದಾ, ಎರಡಾ?”

ಬೇಲಿಯಾಚೆ ತಿಮ್ಮಮ್ಮ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಅಣ್ಣನ ಕಡೆ ನೋಡಲಿಲ್ಲ. ಮಲ್ಲಾಜಮ್ಮನ ಕಡೆ ನೋಡಿ ತಲೆ ತಗ್ಗಿಸಿದಳು. ಅವಳ ಪಕ್ಕದಲ್ಲಿ ದೊಡ್ಡತಾಯಮ್ಮ. ಆ ದಿನ ಅವಳ ಬಾಯಲ್ಲಿ ತಮಾಷೆ ಇರಲಿಲ್ಲ.

“ನಾನಂತೂ ಓಗಿ ಕರೀತೀನಿ,” ಎಂದು ಮಾದೇವ ಹಿತ್ತಲಿಗೆ ನಡೆದ. ಹಿಂದೆ ಎಲ್ಲರೂ ಹೋದರು. ದೊಡ್ಡಿಯ ಬಾಯಿಗೆ ಅವನು ಬಂದದ್ದೇ ಒಳಗಿನ ಕತ್ತಲಿನಿಂದ ಕೆಂದ ಎದ್ದು ನಿಂತಿತು. ಬೊಗಳಲಿಲ್ಲ. ತುಟಿ ಮೇಲೆತ್ತಿ ಗುರ್ರೆಂದಿತು, ಅಷ್ಟೆ. ಮಾದೇವ ಹಿಂದಕ್ಕೆ ಸರಿದ. ನಾಯಿಯ ಹಿಂದೆ, ಹುಲ್ಲಿನ ಮೇಲೆ, ಭದ್ರಿಯ ಕಾಲು ಮಾತ್ರ ಕಾಣಿಸುತ್ತಿತ್ತು. ಅದು ಮೆಲ್ಲಗೆ ಒಳಕ್ಕೆ ಸರಿಯಿತು.

“ಆ ದೊಣ್ಣೆ ಕೊಡ್ರಲಾ,” ಅಂದ ದೊಡ್ಡಬೀರಯ್ಯ.

“ನಾಯಿ ಮೇಲೆ ಕೈ ಎತ್ಬ್ಯಾಡ ಅಣ್ಣಯ್ಯ,” ಅಂದ ಸಣ್ಣಬೀರಯ್ಯ.

ಅಣ್ಣನ ಎದುರು ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಮಲ್ಲಾಜಮ್ಮನ ಎದೆ ಹಗುರವಾಯಿತು. ಇನ್ನು ಮುಂದಿನ ಮಾತೂ ಬರುತ್ತದೆ ಎಂದುಕೊಂಡಳು. ಕಳಿಸಾಕಿಲ್ಲ, ಓಗಿ ಎಂಬ ಮಾತು.

ಸಣ್ಣಬೀರಯ್ಯ ಒಳಗೆ ಹೋಗಿ ಒಂದು ಹಿಡಿ ಮುದ್ದೆ ತಂದ. ದೊಡ್ಡಿಯ ಬಾಯಿಂದ ಅಷ್ಟು ದೂರದಲ್ಲಿ ನೆಲದ ಮೇಲೆ ಕೂತ. ಅರೆಬೆನ್ನು ತಿರುಗಿಸಿಕೊಂಡ. ಮುಖ ಮೆದುವಾಯಿತು.

“ಬಾ ಕೂಸೆ, ಬಾ. ಯಾರೂ ಏನೂ ಮಾಡಕಿಲ್ಲ, ಬಾ.”

ಕೆಂದ ಕಿವಿ ನಿಮಿರಿಸಿತು. ಮಾದೇವನನ್ನೊಮ್ಮೆ ನೋಡಿತು. ಆ ದನಿ ಅದಕ್ಕೆ ಯಾವತ್ತೂ ಮೋಸ ಮಾಡಿರಲಿಲ್ಲ. ಬಾಲ ತಗ್ಗಿಸಿ, ಹೊರಗೆ ಬಂದು, ಅವನ ಪಕ್ಕ ಕೂತಿತು. ಅವನು ಒಂದು ಚೂರು ಕೊಟ್ಟ.

ಆಮೇಲೂ ಅವನು ಏಳಲಿಲ್ಲ. ತಿರುಗಿ ನೋಡಲಿಲ್ಲ. ಅದೇ ದನಿಯಲ್ಲಿ, ಇನ್ನೂ ತಗ್ಗಿಸಿ, ಮತ್ತೆ ಕರೆದ.

“ಬಾ ಕೂಸೆ. ನಾನಿದ್ದೀನಿ, ಬಾ.”

ಯಾರನ್ನು ಕರೆಯುತ್ತಿದ್ದಾನೆ ಎಂದು ಮಲ್ಲಾಜಮ್ಮನಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದಾಗ ಕೂಗಬೇಕೆನಿಸಿತು. ಬರಬೇಡ ಮಗಳೇ ಎಂದು ಒಂದು ಮಾತು ಸಾಕಿತ್ತು. ಬೇಲಿಯಾಚೆ ತಿಮ್ಮಮ್ಮನ ಬಳೆ ಸದ್ದಾಯಿತು. ಮಾತು ಗಂಟಲಲ್ಲೇ ಉಳಿಯಿತು. ಅವಳು ಕಂಬ ಹಿಡಿದುಕೊಂಡು ನಿಂತಳು.

ದೊಡ್ಡಿಯ ಕತ್ತಲಿನಿಂದ ಭದ್ರಿ ಹೊರಗೆ ಬಂದಳು. ತಲೆಯಲ್ಲಿ ಹುಲ್ಲಿನ ಕಡ್ಡಿ ಸಿಕ್ಕಿಕೊಂಡಿತ್ತು. ಅವಳು ಗಂಡನನ್ನು ನೋಡಲಿಲ್ಲ, ದೊಡ್ಡಪ್ಪನನ್ನು ನೋಡಲಿಲ್ಲ. ಅಪ್ಪನ ಬೆನ್ನನ್ನು ಮಾತ್ರ ನೋಡುತ್ತ, ಒಂದೊಂದೇ ಹೆಜ್ಜೆ ಇಟ್ಟು ಬಂದಳು. ಹುಟ್ಟಿದಂದಿನಿಂದ ಆ ದನಿ ಅವಳನ್ನು ಕರೆದಿರಲಿಲ್ಲ. ಬಂದು ಅವನ ಪಕ್ಕ, ನಾಯಿಯ ಸಾಲಿನಲ್ಲೇ, ಕುಕ್ಕರುಗಾಲಿನಲ್ಲಿ ಕೂತಳು. ಸಣ್ಣಬೀರಯ್ಯ ಅವಳ ತಲೆಯ ಮೇಲೆ ಕೈ ಇಟ್ಟ. ಅವಳು ಕಣ್ಣು ಮುಚ್ಚಿದಳು.

“ಏಳಿ, ಬಸ್ಸಿಗೆ ಒತ್ತಾಯ್ತದೆ,” ಅಂದ ದೊಡ್ಡಬೀರಯ್ಯ.

ತಲೆಯ ಮೇಲಿದ್ದ ಕೈ ಜಾರಿ ಅವಳ ಮೊಣಕೈಗೆ ಇಳಿಯಿತು. ಊದಿರದ ಕೈಯನ್ನು ನೋಡಿಯೇ ಹಿಡಿದುಕೊಂಡ. ಎಬ್ಬಿಸಿ ನಿಲ್ಲಿಸಿ, ಮಾದೇವನ ಕೈಗೆ ಕೊಟ್ಟ.

ಭದ್ರಿ ಅಳಲಿಲ್ಲ, ಕೂಗಲಿಲ್ಲ, ಬಿಡಿಸಿಕೊಳ್ಳಲೂ ಹೋಗಲಿಲ್ಲ. ಅಪ್ಪನ ಇನ್ನೊಂದು ಕೈಯನ್ನು ನೋಡಿದಳು. ಅದರಲ್ಲಿ ಉಳಿದ ಮುದ್ದೆ ಇತ್ತು. ಆಮೇಲೆ ಕಂಬದ ಹತ್ತಿರ ನಿಂತ ಅವ್ವನನ್ನು ನೋಡಿದಳು. ಅಷ್ಟೇ. ಬಿಳಿ ಅಂಗಿಯ ಹಿಂದೆ ನಡೆದು ಹೋದಳು. ಬಾಳೆಹಣ್ಣಿನ ಚಿಪ್ಪು ಜಗಲಿಯ ಮೇಲೆ ಕೊಳೆಯುವವರೆಗೂ ಬಿದ್ದಿತ್ತು. ಯಾರೂ ಮುಟ್ಟಲಿಲ್ಲ.

ಅಂದಿನಿಂದ ಮಲ್ಲಾಜಮ್ಮ ಗಂಡನ ಕರೆಗೆ ಓಗೊಡುವುದನ್ನು ಬಿಟ್ಟಳು. ಜಗಳವಾಡಲಿಲ್ಲ. ಅಡಿಗೆ ಮಾಡಿಟ್ಟಳು, ಬಟ್ಟೆ ಒಗೆದಳು, ಕಳೆ ಕಿತ್ತಳು. “ಏಯ್” ಎಂದು ಕರೆದರೆ ಮಾತ್ರ ತಿರುಗುತ್ತಿರಲಿಲ್ಲ. ಅವನು ಉಪ್ಪಿನ ಮಡಕೆಯ ಕಡೆ ನೋಡಿದರೆ ಅವಳು ಒಲೆಯ ಕಡೆ ನೋಡುತ್ತಿದ್ದಳು. ಒಂದು ದಿನ ಅವನು “ಮಲ್ಲಾಜಿ” ಎಂದು ಕರೆದ. ಮದುವೆಯಾದಾಗಿನಿಂದ ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಹೊಸ ಹೆಸರು ಹುಡುಕುತ್ತಿದ್ದಾನೆ ಎಂದು ಅವಳಿಗೆ ಅರ್ಥವಾಯಿತು. ರಾಗಿ ಕೇರುತ್ತಿದ್ದ ಮೊರ ನಿಲ್ಲಲಿಲ್ಲ.

ಕೆಂದ ಮಾತ್ರ ಕರೆದಾಗಲೆಲ್ಲ ಓಡಿಬರುತ್ತಿತ್ತು. ಅದಕ್ಕೇನೂ ಮೋಸವಾಗಿರಲಿಲ್ಲ.

ಬಿಸಿಲುಗಾಲ ಕಳೆಯುವ ಹೊತ್ತಿಗೆ ಭದ್ರಿ ಬಸುರಿ ಎಂಬ ಸುದ್ದಿ ಬಂತು. ಚೊಚ್ಚಲು ತವರಿನಲ್ಲಿ. ಅದನ್ನು ಯಾರೂ ತಪ್ಪಿಸುವುದಿಲ್ಲ. ಏಳು ತುಂಬಿದ ಮೇಲೆ ಸಣ್ಣಬೀರಯ್ಯ ಹೂವು, ಹಣ್ಣು, ಹೊಸ ಸೀರೆ ಇಟ್ಟುಕೊಂಡು ಕರೆತರಲು ಹೋದ. ಮಲ್ಲಾಜಮ್ಮ ಕೋಣೆ ಸಾರಿಸಿದಳು, ಹಳೆಯ ಸೀರೆಗಳನ್ನು ಹರಿದು ಮೆತ್ತಗೆ ಒಗೆದು ಮಗುವಿಗೆಂದು ಮಡಿಸಿಟ್ಟಳು. ಒಂದು ಸಲ ಮನೆಗೆ ಬರಲಿ, ಬಾಣಂತನದ ನೆಪದಲ್ಲಿ ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತೇನೆ, ಆಮೇಲೆ ಯಾವ ಯಜಮಾನ ಬಂದರೂ ಬಾಯಿ ಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡಿದ್ದಳು.

ಸಂಜೆ ಅವನು ಒಬ್ಬನೇ ಬಂದ. ಹೂವು ಹಣ್ಣು ಸೀರೆ ಹಾಗೆಯೇ ಇದ್ದವು. ಜಗಲಿಯ ಮೇಲೆ ಕೂತ.

“ಕಳಿಸಾಕಿಲ್ಲ ಅಂದ್ರಾ?” ಅಂದಳು ಮಲ್ಲಾಜಮ್ಮ. ತಿಂಗಳುಗಳ ಮೇಲೆ ಅವಳು ಅವನಿಗೆ ಆಡಿದ ಮೊದಲ ಮಾತು.

“ಅವ್ರು ಕರ್ಕೊಂಡೋಗಿ ಅಂದ್ರು. ಇವಳೇ ಒಳಗಿಂದ ಬರ್ಲಿಲ್ಲ.”

“ಎಂಗ್ ಕರೆದ್ರಿ?”

ಕೆಂದ ಬಂದು ಅವನ ಮಂಡಿಯ ಮೇಲೆ ಗದ್ದ ಇಟ್ಟಿತು. ಅವನು ಅದನ್ನು ಸವರಲಿಲ್ಲ.

ಬೆಳಗಾದ ಮೇಲೆ ಮಲ್ಲಾಜಮ್ಮನೇ ಹೊರಟಳು. ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿದು, ಅಂಗಡಿಯಲ್ಲಿ ಹುರಿಗಡಲೆ ಬೆಲ್ಲ ಕಟ್ಟಿಸಿಕೊಂಡು, ಹೊಲದ ದಾರಿ ಹಿಡಿದು ನಡೆದಳು. ಮಾದೇವನ ಮನೆಯ ಮುಂದೆ ಒಂದು ಹೊಂಗೆ ಮರ. ಕುಡುಗೋಲು ಹಿಡಿದು ಹೊಲಕ್ಕೆ ಹೊರಟಿದ್ದ ಬೀಗಿತ್ತಿ ಅವಳನ್ನು ಕಂಡು ನಿಂತಳು.

“ಒಳಗವ್ಳೆ. ಕರಿ, ಬಂದ್ರೆ ಕರ್ಕೊಂಡೋಗು. ನಿನ್ನೆ ಅವ್ರಪ್ಪ ಬಂದು ಕರೆದೂ ಕರೆದೂ ಸಾಕಾದ್ರು. ಅದೇನ್ ಎಣ್ಣೋ ತಾಯಿ,” ಎಂದು ಹೋದಳು.

ಬಾಗಿಲು ಅರ್ಧ ತೆರೆದಿತ್ತು. ಒಳಗೆ ರಾಗಿ ಬೀಸುವ ಕಲ್ಲು ತಿರುಗುತ್ತಿತ್ತು. ಮಲ್ಲಾಜಮ್ಮ ಕರೆಯಲೆಂದು ಬಾಯಿ ತೆರೆದಳು. ಯಾವ ಮಾತಿನಿಂದ ಕರೆಯಬೇಕು? ಕೂಸೆ ಎಂಬುದು ಸತ್ತುಹೋಗಿತ್ತು. ಮಗಳೇ ಎನ್ನಬಹುದಿತ್ತು. ಆದರೆ ಅನ್ನಬೇಕಾಗಿದ್ದ ದಿನ ಅದು ಅವಳ ಗಂಟಲಲ್ಲೇ ಉಳಿದಿತ್ತು. ಯೋಗಕ್ಷೇಮ ಕೇಳುವ ಎಲ್ಲ ಮಾತುಗಳನ್ನೂ ಮನಸ್ಸಿನಲ್ಲಿ ಒಂದೊಂದಾಗಿ ಎತ್ತಿ ನೋಡಿ ಕೆಳಗಿಟ್ಟಳು.

ಬಾಯಿ ಮುಚ್ಚಿಕೊಂಡಳು. ಬಾಗಿಲಿನಿಂದ ಅಷ್ಟು ದೂರದಲ್ಲಿ, ಹೊಂಗೆಯ ನೆರಳಿನ ಅಂಚಿನಲ್ಲಿ, ನೆಲದ ಮೇಲೆ ಕೂತಳು. ಬಾಗಿಲಿನ ಕಡೆ ನೇರವಾಗಿ ಮುಖ ಮಾಡಲಿಲ್ಲ, ಅರೆಬೆನ್ನು ತಿರುಗಿಸಿಕೊಂಡಳು. ಪೊಟ್ಟಣ ಬಿಚ್ಚಿ ಪಕ್ಕದಲ್ಲಿಟ್ಟಳು. ಹಾಗೆ ಕೂರುವುದನ್ನು ಯಾವಾಗ ಕಲಿತಳೋ ಅವಳಿಗೇ ಗೊತ್ತಿರಲಿಲ್ಲ.

ಬೀಸುವ ಕಲ್ಲು ನಿಂತಿತು. ಬಾಗಿಲ ಸಂದಿಯಲ್ಲಿ ಯಾರೋ ಉಸಿರು ಹಿಡಿದು ನಿಂತಂತೆ ಬೆನ್ನಿಗೆ ಅನ್ನಿಸಿತು. ಅವಳು ತಿರುಗಲಿಲ್ಲ. ಕಲ್ಲು ಮತ್ತೆ ತಿರುಗತೊಡಗಿತು.

ಬಿಸಿಲು ಅತ್ತ ಸರಿಯಿತು. ಬೆಲ್ಲಕ್ಕೆ ಇರುವೆ ಹತ್ತಿದವು. ಕೆಂದನಿಗೆ ಒಂದು ಮಳೆಗಾಲ ಪೂರ್ತಿ ಹಿಡಿದಿತ್ತು. ಭದ್ರಿಯ ಹೊಟ್ಟೆಯಲ್ಲಿರುವುದು ಅಷ್ಟು ದಿನ ಕಾಯುವುದಿಲ್ಲ. ಇವತ್ತು ಬಸ್ಸಿಗೆ ಎದ್ದುಹೋದರೆ ನಾಳೆ ಮತ್ತೆ ಬಂದು ಇಲ್ಲೇ ಕೂರಬೇಕು, ನಾಡಿದ್ದೂ. ಅಷ್ಟರೊಳಗೆ ಮಾದೇವ ಎಷ್ಟು ಸಲ ಮನೆಗೆ ಬರುತ್ತಾನೋ.

ಹ್ಯಾಂಡ್‌ಪೋಸ್ಟಿನ ಕಡೆಯಿಂದ ಬಸ್ಸಿನ ಹಾರನ್ ಕೇಳಿಸಿತು. ಮಲ್ಲಾಜಮ್ಮ ಕರೆಯಲಿಲ್ಲ. ಇರುವೆ ಹತ್ತಿದ ಬೆಲ್ಲವನ್ನು ಒರೆಸಿ, ಬಾಗಿಲಿಗೆ ಒಂದು ಮೊಳ ಹತ್ತಿರ ಸರಿಸಿಟ್ಟು, ಮೊದಲು ಕೂತಿದ್ದ ಜಾಗಕ್ಕೇ ಹೋಗಿ ಕೂತಳು.